ಮದುವೆ ಮುಂದಿಟ್ಟುಕೊಂಡು ರೆಪ್ಪೆಗೂದಲು ಅಂಟಿಸಿಕೊಳ್ಳುವವರಿಗೆ

ಅಂಟನ್ನು ಮೊದಲು ಕಿವಿಯ ಹಿಂದೆ ಹಚ್ಚಿ ನೋಡಿರೆಂದು ನಾನು ಕೇಳಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ಬಳಗದವರೆಲ್ಲ "ಹುಡುಗೀನ ಹಟ ಮಾಡಿ ಹಚ್ಚಿಸ್ಕೊಂಡ್ಳು" ಎಂದು ಆಡಿಕೊಂಡರು. ಹಟ ನಮ್ಮ ವೈನಿಯದು. ಬೈಲಹೊಂಗಲದ ಮನೆಯಲ್ಲಿ ಮದುವೆ ಫೋಟೋದ ಚಿಂತೆ ನನಗಿಂತ ಅವರಿಗೇ ಹೆಚ್ಚಿತ್ತು. "ರಾಮದುರ್ಗದ ಬೀಗರು ನೋಡಿ ಹೌದ್ ಹೌದ್ ಅನ್ನಬೇಕವಾ" ಎಂದು ಪಾರ್ಲರಿಗೆ ಎಳೆದೊಯ್ದವರೂ ಅವರೇ.

ಪಾರ್ಲರಿನಾಕೆ, "ಅದೆಲ್ಲಾ ಬೇಕಾಗಂಗಿಲ್ರಿ, ಯಾರಿಗೂ ಏನೂ ಆಗಿಲ್ಲ" ಎಂದಳು. ಬಾಟಲಿ ಯಾವಾಗ ಒಡೆದದ್ದು ಎಂದರೆ ಉತ್ತರವಿಲ್ಲ. ವೈನಿ ಕೈ ಅದುಮಿ, "ಸುಮ್ಮನ ಮಲಕೋ" ಎಂದರು.

ಕಣ್ಣು ಮುಚ್ಚಿಸಿ, ಚಿಮಟದಿಂದ ನಮ್ಮ ಒಂದೊಂದು ಕೂದಲಿಗೆ ಒಂದೊಂದು ಕೃತಕ ಎಳೆ ಕೂಡಿಸುತ್ತಾರೆ. ಅಂಟು ಸಯನೋಅಕ್ರಿಲೇಟ್, ಫೆವಿಕ್ವಿಕ್‌ನ ಕುಲದ್ದೇ. ಗಾಳಿಯ ತೇವಕ್ಕೆ ಗಟ್ಟಿಯಾಗುತ್ತದೆ, ಅದರಿಂದ ಏಳುವ ಹಬೆ ಕಣ್ಣಿಗೆ ಚುರುಗುಟ್ಟುತ್ತದೆ. ನನಗೆ ಉರಿ ಅಲ್ಲೇ ಶುರುವಾಯಿತು. ಹೇಳಿದೆ. "ಹಂಗ ಆಗತೈತ್ರಿ, ಕಣ್ಣ ತೆರೀಬ್ಯಾಡ್ರಿ" ಎಂದು ಆಕೆ ಕೆಲಸ ಮುಂದುವರಿಸಿದಳು.

ರಾತ್ರಿ ಕೆರೆತ. ಬೆಳಗಾಗುವಷ್ಟರಲ್ಲಿ ರೆಪ್ಪೆಗಳು ಎಣ್ಣೆಗೆ ಬಿಟ್ಟ ಪೂರಿಯ ಹಾಗೆ ಉಬ್ಬಿ ಕಣ್ಣು ಸೀಳಿನಷ್ಟೇ ಉಳಿದಿತ್ತು. ಅವತ್ತೇ ಸುರಗಿ. ಅಂಗಳದಲ್ಲಿ ಮೂಲೆಗೊಂದು ತಂಬಿಗೆ ಇಟ್ಟು ನೂಲು ಸುತ್ತಿ ನನ್ನನ್ನು ನಡುವೆ ಕೂರಿಸಿದ್ದರು. "ಕಾಕು, ಕಣ್ಣಿಗೆ ತಾಕಸಬ್ಯಾಡ್ರಿ" ಎಂದರೆ ಸೋಬಾನೆಯ ಗದ್ದಲದಲ್ಲಿ ಯಾರಿಗೆ ಕೇಳಬೇಕು? ನೆತ್ತಿಗೆ ಹಚ್ಚಿದ ಎಣ್ಣೆ, ಅರಿಷಿಣ, ಅದರ ಮೇಲೆ ಸುರಿದ ಬಿಸಿನೀರು, ಎಲ್ಲವೂ ಕಣ್ಣಿಗೇ ಇಳಿದವು. ಆರತಿಯ ದೀಪ ಕಾಣಲೇ ಇಲ್ಲ, ಅದರ ಕಾವು ಮಾತ್ರ ಮುಖಕ್ಕೆ ತಾಗಿತು. ನೀರು ಸೋರುತ್ತಿತ್ತು. ದೃಷ್ಟಿಯಾಗೇತಿ ಎಂದು ಒಬ್ಬರು ಉಪ್ಪು ಮೆಣಸಿನಕಾಯಿ ನಿವಾಳಿಸಿದರು. ಸವದತ್ತಿ ಯಲ್ಲಮ್ಮನ ಹರಕೆ ಮರೆತೀರಿ ಎಂದು ಇನ್ನೊಬ್ಬರು ಅವ್ವನನ್ನು ಅಳಿಸಿದರು. ವೈನಿ ಒಳಗೆ ಕರೆದೊಯ್ದು "ಕಿತ್ತ ಬಿಡೋಣು" ಎಂದು ಉಗುರಿನಿಂದ ಜಗ್ಗಿದರು. ಎಳೆಯ ಜೊತೆ ನನ್ನ ಸ್ವಂತ ಕೂದಲೂ ಬುಡಸಮೇತ ಬಂತು. ನಾನು ಕಿರುಚಿದ್ದು ಅಂಗಳಕ್ಕೆ ಕೇಳಿತು.

ಅಣ್ಣ ಮೆಡಿಕಲ್ ಅಂಗಡಿಗೆ ಓಡಿದ. ಚೀಟಿ ಕೇಳದೆ ಅವರು ಹನಿ ಕೊಟ್ಟರು. ಸಂಜೆ ಧಾರವಾಡದ ಕಣ್ಣಿನ ಡಾಕ್ಟರು ಆ ಬಾಟಲಿ ನೋಡಿ ಸಿಟ್ಟಾದರು: ಅದರಲ್ಲಿ ಸ್ಟೀರಾಯ್ಡ್ ಇತ್ತು. ಪರೀಕ್ಷೆಯಿಲ್ಲದೆ ಹಾಕಿಕೊಂಡರೆ ಸೋಂಕಿದ್ದಲ್ಲಿ ಅದನ್ನು ಬೆಳೆಸುತ್ತದೆ, ಕೆಲವರಿಗೆ ಕಣ್ಣಿನ ಒತ್ತಡ ಏರಿಸುತ್ತದೆ. ನನಗಾದದ್ದು ಅಂಟಿನ ಅಲರ್ಜಿ. ಅವರು ಅಂಟನ್ನು ಮೆತ್ತಗೆ ಮಾಡಿ ಒಂದೊಂದೇ ಎಳೆ ಬಿಡಿಸಿದರು, ಜಗ್ಗಲಿಲ್ಲ. ಮರುದಿನ ಅಕ್ಕಿಕಾಳು ಬೀಳುವಾಗ ತಂಪುಗನ್ನಡಕ ಹಾಕಿಕೊಂಡೇ ನಿಂತೆ. ಬೀಗರು ಕೇಳಿದ್ದಕ್ಕೆ ಇದ್ದದ್ದು ಇದ್ದಂತೆ ಹೇಳಿದೆ. ವೈನಿಗೆ ಅದರ ಸಿಟ್ಟು ಇನ್ನೂ ಇದೆ. ಇರಲಿ.

ಹಚ್ಚಿಸಿಕೊಳ್ಳಲೇಬೇಕು ಎನ್ನುವವರು, ಅದೇ ಬಾಟಲಿಯ ಅಂಟನ್ನು ಕಿವಿಯ ಹಿಂದೆ ಹಚ್ಚಿಸಿ 24ರಿಂದ 48 ಗಂಟೆ ಕಾಯಿರಿ. ಅಲರ್ಜಿ ತಡವಾಗಿಯೂ ಏಳಬಹುದು. ಒಲ್ಲೆ ಎನ್ನುವ ಪಾರ್ಲರಿನಿಂದ ಎದ್ದು ಬನ್ನಿ. ನಡುವೆ ಉರಿದರೂ ಏಳಿ, ಅರ್ಧ ಹಚ್ಚಿದ್ದರೂ ಸರಿಯೇ. ಎಣ್ಣೆ ಈ ಅಂಟನ್ನು ಸಡಿಲಿಸುತ್ತದೆ. ಹಾಗಾಗಿ ಎಣ್ಣೆ-ಅರಿಷಿಣದ ಹಿಂದಿನ ದಿನ ಹಚ್ಚಿಸುವುದು ದುಡ್ಡು ನೀರಿಗೆ ಹಾಕಿದಂತೆ. ಔಡಲೆಣ್ಣೆಯ ಕಾಡಿಗೆಗೂ ಇದಕ್ಕೂ ಕೂಡುವುದಿಲ್ಲ. ಎಲ್ಲ ಸರಿಹೋದರೂ ಇದು 3-4 ವಾರದ ಮಾತು, ನಮ್ಮ ಕೂದಲು ಉದುರಿದಂತೆ ಎಳೆಯೂ ಉದುರುತ್ತದೆ.

ಈಗ ನಾದಿನಿಯ ಮದುವೆ ಗೊತ್ತಾಗಿದೆ, ಆಕೆಗೂ ಇದರದೇ ಆಸೆ. ಬೇಡ ಎಂದಿಲ್ಲ. ಕಿವಿಯ ಹಿಂದೆ ಹಚ್ಚಿ ನೋಡಲು ಒಪ್ಪುವ ಪಾರ್ಲರ್ ಸಿಕ್ಕರೆ ನಾನೇ ಜೊತೆಗೆ ಬರುತ್ತೇನೆ, ಸಿಗದಿದ್ದರೆ ಮಸ್ಕರಾ ಹಚ್ಚಿಕೊಂಡು ಮಂಟಪಕ್ಕೆ ನಡೆ ಎಂದು ಅತ್ತೆಯವರ ಎದುರೇ ಹೇಳಿದ್ದೇನೆ.