ಪಲ್ಲಕ್ಕಿಯನ್ನು ಚೇಸ್ ಮಾಡುವುದಿಲ್ಲ

ಗೋಕಾಕ ಫಾಲ್ಸ್‌ನ ನನ್ನ ಸಂಜೆ ಕ್ಲಾಸಿಗೆ ಬರುವವರು ಹೆಚ್ಚಾಗಿ ಕೊಣ್ಣೂರ, ಧೂಪದಾಳ, ಘಟಪ್ರಭಾ ಕಡೆಯ ಹುಡುಗ ಹುಡುಗಿಯರು. ಪಿಎಸ್‌ಐ, ಕಾನ್‌ಸ್ಟೇಬಲ್, ಎಸ್‌ಎಸ್‌ಸಿ ಎಂದು ಒಂದಲ್ಲ ಒಂದು ಪರೀಕ್ಷೆಗೆ ಓದುವವರು. ಸಮಾನಾರ್ಥಕ ಪದಗಳ ಗೈಡು ಎಲ್ಲರ ಬ್ಯಾಗಿನಲ್ಲೂ ಇರುತ್ತದೆ. ಫಾಲೋ, ಚೇಸ್, ಪರ್ಸ್ಯೂ, ಟ್ರ್ಯಾಕ್, ಸ್ಟಾಕ್, ಶ್ಯಾಡೋ, ಹೌಂಡ್ ಎಲ್ಲಕ್ಕೂ ಅದರಲ್ಲಿ ಒಂದೇ ಅರ್ಥ: ಹಿಂಬಾಲಿಸು. ಆ ಗೈಡಿನ ಜೊತೆ ಜಗಳ ಕಾಯುತ್ತ ನಾನು ಕಂಡುಕೊಂಡ ಕೆಲವು ಪಾಠಗಳು ಇವು.

1. ಮುಂದಿರುವವನನ್ನು ನೋಡಿ

ಮಕ್ಕಳ ಗಮನವೆಲ್ಲ ಹಿಂದೆ ಹೋಗುವವನ ಮೇಲೆ. ಆದರೆ ಗುಟ್ಟು ಇರುವುದು ಮುಂದಿರುವವನ ಹತ್ತಿರ. ತನ್ನ ಹಿಂದೆ ಯಾರೋ ಇದ್ದಾರೆಂದು ಅವನಿಗೆ ಗೊತ್ತೇ? ಗೊತ್ತಿದ್ದರೆ ತಪ್ಪಿಸಿಕೊಳ್ಳಲು ನೋಡುತ್ತಿದ್ದಾನೆಯೇ? ಗೊತ್ತಿದ್ದೂ ಅಭ್ಯಂತರವಿಲ್ಲದಿದ್ದರೆ ಫಾಲೋ. ಗೊತ್ತಾಗಿ ಓಡುತ್ತಿದ್ದರೆ ಚೇಸ್. ಗೊತ್ತಾಗದಂತೆ ಹಿಂದೆ ಹೋದರೆ ಟೇಲ್ ಅಥವಾ ಶ್ಯಾಡೋ. ಜಾತ್ರೆಯಲ್ಲಿ ಪಲ್ಲಕ್ಕಿಯ ಹಿಂದೆ ಸಾವಿರ ಜನ ಹೋಗುತ್ತಾರೆ, ಅದು ಫಾಲೋ. ಪಲ್ಲಕ್ಕಿಯನ್ನು ಚೇಸ್ ಮಾಡಿದರು ಎಂದು ಬರೆದರೆ, ಹೊತ್ತವರು ದೇವರನ್ನೇ ಕದ್ದು ಓಡಿದರು ಎಂದಾಗುತ್ತದೆ.

2. ಚೇಸ್ ಕಲಿಸಲು ಖೋ-ಖೋ ಸಾಕು

ಕ್ರಿಕೆಟ್ಟಿನ ರನ್ ಚೇಸ್ ಎಲ್ಲರಿಗೂ ಗೊತ್ತು. ಆದರೆ ಅಲ್ಲಿ ಓಡಿಹೋಗುವುದಕ್ಕೆ ರನ್ನಿಗೆ ಕಾಲಿಲ್ಲ. ಖೋ-ಖೋದಲ್ಲಿ ಎಲ್ಲವೂ ಕಣ್ಣೆದುರೇ ನಡೆಯುತ್ತದೆ. ಓಡುವವನಿಗೆ ಬೆನ್ನ ಹಿಂದಿನವನು ಗೊತ್ತು, ಬೆನ್ನಟ್ಟುವವನಿಗೆ ಮುಟ್ಟುವುದೊಂದೇ ಕೆಲಸ. ಒಂದು ದಿಕ್ಕು ಹಿಡಿದ ಮೇಲೆ ಕಂಬ ಮುಟ್ಟುವ ತನಕ ಅವನು ಹಿಂದಿರುಗುವಂತಿಲ್ಲ, ನಡುಗೆರೆ ದಾಟುವಂತಿಲ್ಲ. ದಾಟಬೇಕೆನಿಸಿದರೆ ಕುಳಿತವನ ಬೆನ್ನು ಮುಟ್ಟಿ ‘ಖೋ’ ಅನ್ನಬೇಕು. ವೇಗ, ಕಣ್ಣಿಗೆ ಕಾಣುವ ಗುರಿ, ಹಿಡಿಯುವ ಆಸೆ: ಚೇಸ್‌ಗೆ ಬೇಕಾದ ಮೂರೂ ಇಲ್ಲಿವೆ. ಚೇಸ್, ಕ್ಯಾಚ್ ಎರಡೂ ಲ್ಯಾಟಿನ್ನಿನ ಒಂದೇ ಬೇರಿನಿಂದ ಬಂದವು ಎಂದು ಆಟ ಮುಗಿದ ಮೇಲೆ ಹೇಳುತ್ತೇನೆ. ಮೊದಲೇ ಹೇಳಿದರೆ ಯಾರ ತಲೆಯಲ್ಲೂ ನಿಲ್ಲುವುದಿಲ್ಲ.

3. ನಾಯಿಯಲ್ಲೂ ಎರಡು ಜಾತಿ

ನಮ್ಮ ಘಟಪ್ರಭೆಯೇ ಮುಂದೆ ಮುಧೋಳದ ಪಕ್ಕ ಹರಿಯುತ್ತದೆ. ಮುಧೋಳ ನಾಯಿ ಕಣ್ಣಿನ ನಾಯಿ. ಮೊಲ ಕಂಡರೆ ಬಾಣದಂತೆ ಬಿಡುತ್ತದೆ. ಅದು ಚೇಸ್. ಕಳ್ಳತನವಾದ ಮನೆಗೆ ಪೊಲೀಸರು ತರುವ ನಾಯಿ ಮೂಗಿನಿಂದ ಕೆಲಸ ಮಾಡುತ್ತದೆ. ಕಳ್ಳ ಎಂದೋ ಊರು ಬಿಟ್ಟಿರಬಹುದು, ಅವನು ಬಿಟ್ಟುಹೋದ ವಾಸನೆ ಮಾತ್ರ ಅದಕ್ಕೆ ದಾರಿ. ಅದು ಟ್ರ್ಯಾಕ್ ಅಥವಾ ಟ್ರೇಲ್. ನಮ್ಮ ಮಾತಿನಲ್ಲಿ ಜಾಡು ಹಿಡಿಯುವುದು. ಗುರಿ ಕಾಣುತ್ತಿದ್ದರೆ ಚೇಸ್, ಗುರುತು ಮಾತ್ರ ಕಾಣುತ್ತಿದ್ದರೆ ಟ್ರ್ಯಾಕ್. ಕೊರಿಯರ್ ಪಾರ್ಸೆಲ್ಲನ್ನು ಮೊಬೈಲಿನಲ್ಲಿ ಟ್ರ್ಯಾಕ್ ಮಾಡುತ್ತೇವಲ್ಲ, ಅದೂ ಇದೇ ಲೆಕ್ಕ. ಇನ್ನು ಹೌಂಡ್ ಎಂಬ ಕ್ರಿಯಾಪದ ಬೇರೆಯೇ. ಸಾಲ ಕೊಟ್ಟವನು ದಿನಾ ಬಂದು ಜೀವ ತಿನ್ನುವುದಕ್ಕೆ ಅದನ್ನು ಬಳಸಬೇಕು.

4. ಒಂದು ಚಿರತೆ, ನಾಲ್ಕು ಕ್ರಿಯಾಪದ

2022ರ ಆಗಸ್ಟ್‌ನಲ್ಲಿ ಬೆಳಗಾವಿಯೊಳಗೇ ಚಿರತೆ ಕಾಣಿಸಿಕೊಂಡು ಗಾಲ್ಫ್ ಮೈದಾನದ ಗಿಡಗಂಟಿಗಳಲ್ಲಿ ಅಡಗಿದ್ದು ನೆನಪಿರಬಹುದು. ಸುತ್ತಲಿನ ಶಾಲೆಗಳಿಗೆ ರಜೆ ಕೊಟ್ಟರು, ಸಕ್ರೆಬೈಲಿನಿಂದ ಆನೆಗಳನ್ನು ತರಿಸಿದರು, ಕ್ಯಾಮೆರಾ ಇಟ್ಟರು, ಬೋನು ಇಟ್ಟರು. ಕೊನೆಗೂ ಚಿರತೆ ಸಿಗಲಿಲ್ಲ. ಇಂಗ್ಲಿಷ್ ಮೇಷ್ಟ್ರಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗಲಾರದು. ಹೆಜ್ಜೆ ಗುರುತು ನೋಡಿ, ಕ್ಯಾಮೆರಾದ ಚಿತ್ರ ನೋಡಿ ಎಲ್ಲಿದೆ ಎಂದು ತಿಳಿಯುವುದು ಟ್ರ್ಯಾಕ್. ಆನೆ ಹತ್ತಿ ಪೊದೆ ಪೊದೆ ಜಾಲಾಡುವುದು ಹಂಟ್; ಕೊಲ್ಲುವ ಉದ್ದೇಶವಿಲ್ಲದ ಹುಡುಕಾಟಕ್ಕೂ ಆ ಪದ ನಡೆಯುತ್ತದೆ. ಕಣ್ಣಿಗೆ ಬಿದ್ದು ಓಡಿತು, ಇವರೂ ಹಿಂದೆ ಓಡಿದರು ಎಂದಾದರೆ ಮಾತ್ರ ಚೇಸ್. ಚಿರತೆ ತಾನೇ ಹಂದಿಯ ಹಿಂದೆ ಹೊಟ್ಟೆ ನೆಲಕ್ಕೆ ತಾಗಿಸಿ, ಹುಲ್ಲು ಅಲುಗಾಡದಂತೆ ಒಂದೊಂದೇ ಹೆಜ್ಜೆ ಇಡುವುದು ಸ್ಟಾಕ್. ಬೋನಿಟ್ಟು ಕಾಯುವುದಕ್ಕೆ ಇವು ಯಾವುವೂ ಹೊಂದುವುದಿಲ್ಲ, ಏಕೆಂದರೆ ಕಾಯುವವನು ಯಾರ ಹಿಂದೆಯೂ ಹೋಗುತ್ತಿಲ್ಲ.

5. ಸ್ಟಾಕ್ ಕಲಿಸುವಾಗ ಕಾನೂನನ್ನೂ ಕಲಿಸಿ

ಇದನ್ನು ಬರೀ ಚಿರತೆಗೆ ಬಿಟ್ಟರೆ ಆಗದು. 2013ರ ತಿದ್ದುಪಡಿಯಲ್ಲಿ ಭಾರತೀಯ ದಂಡ ಸಂಹಿತೆಗೆ 354ಡಿ ಕಲಂ ಸೇರಿ ಸ್ಟಾಕಿಂಗ್ ಅಪರಾಧವಾಯಿತು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ. ಹೆಣ್ಣುಮಗಳು ಬೇಡವೆಂದು ಸ್ಪಷ್ಟವಾಗಿ ತೋರಿಸಿದ ಮೇಲೂ ಮತ್ತೆ ಮತ್ತೆ ಹಿಂದೆ ಬಿದ್ದು ಮಾತಾಡಿಸಲು ನೋಡುವುದು, ಅವಳ ಇಂಟರ್ನೆಟ್ ಬಳಕೆಯ ಮೇಲೆ ಕಣ್ಣಿಡುವುದು ಇದರಡಿ ಬರುತ್ತವೆ. ಮೊದಲ ಸಲ ಅಪರಾಧ ಸಾಬೀತಾದರೆ ಮೂರು ವರ್ಷದವರೆಗೆ ಶಿಕ್ಷೆ. ಕಲಂನ ಒಳಗಿರುವ ಪದ ಬರೀ ಫಾಲೋ ಎಂಬುದನ್ನು ಗಮನಿಸಿ. ‘ಮತ್ತೆ ಮತ್ತೆ’, ‘ಬೇಡವೆಂದರೂ’ ಎರಡೂ ಸೇರಿದಾಗ ಫಾಲೋ ಸ್ಟಾಕ್ ಆಗುತ್ತದೆ. ಇದನ್ನು ಬೋರ್ಡ್ ಮೇಲೆ ಬರೆದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಅಂದ್ರ ಗಂಟ ಬೀಳೂದ್ರಿ ಸರ್” ಅಂದಳು. ಯಾವ ನಿಘಂಟೂ ಇಷ್ಟು ಚೊಕ್ಕ ಅರ್ಥ ಕೊಟ್ಟಿಲ್ಲ. ನಮ್ಮ ಸಿನಿಮಾ ನಾಯಕರು ಇದನ್ನೇ ಪ್ರೀತಿ ಎಂದು ಕರೆಯುತ್ತ ಬಂದಿದ್ದಾರೆ, ಅದು ಬೇರೆ ಮಾತು.

6. ಪರ್ಸ್ಯೂಗೆ ತಾಳ್ಮೆ ಬೇಕು

ಚೇಸ್ ನಿಮಿಷಗಳ ಕೆಲಸ, ಪರ್ಸ್ಯೂ ವರ್ಷಗಟ್ಟಲೆ ನಡೆದೀತು. ಪ್ರಾಸಿಕ್ಯೂಟ್ ಎಂಬ ಕೋರ್ಟಿನ ಪದವೂ ಇದರ ಒಡಹುಟ್ಟು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 48ನೇ ಕಲಂ ಪ್ರಕಾರ, ವಾರಂಟ್ ಇಲ್ಲದೆ ಬಂಧಿಸಬಹುದಾದ ಆರೋಪಿಯನ್ನು ಪೊಲೀಸರು ದೇಶದ ಯಾವ ಜಾಗಕ್ಕಾದರೂ ಪರ್ಸ್ಯೂ ಮಾಡಬಹುದಿತ್ತು. ಸಂಕೇಶ್ವರ ದಾಟಿದರೆ ಮಹಾರಾಷ್ಟ್ರ ಬರುವ ಹುಕ್ಕೇರಿ ತಾಲೂಕಿನ ಹುಡುಗರಿಗೆ ಈ ಕಲಂ ಬೇಗ ತಲೆಗೆ ಹೋಗುತ್ತದೆ.

ಬಯೋಡೇಟಾದಲ್ಲಿ ಮಾತ್ರ ಈ ಪದದ ಬಗ್ಗೆ ಎಚ್ಚರ. ಓದುತ್ತಿರುವಾಗ ‘ಪರ್ಸ್ಯೂಯಿಂಗ್ ಬಿಎ’ ಸರಿ. ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಪದವಿ ಕೈಗೆ ಬಂದ ಮೇಲೂ ‘ಪರ್ಸ್ಯೂಡ್ ಬಿಎ’ ಎಂದು ಬರೆದರೆ, ಬೆನ್ನು ಹತ್ತಿದ್ದು ಖರೆ, ಸಿಕ್ಕಿತೋ ಇಲ್ಲವೋ ಎಂಬ ಅನುಮಾನ ಉಳಿಯುತ್ತದೆ. ‘ಕಂಪ್ಲೀಟೆಡ್’ ಎಂದು ಬರೆಯಿಸುತ್ತೇನೆ.

7. ಎನ್‌ಸ್ಯೂಗೆ ಕಾಲಿಲ್ಲ

ಇದು ಘಟನೆಗಳಿಗೆ ಮಾತ್ರ. ಮಾತಿಗೆ ಮಾತು ಬೆಳೆದು ಜಗಳವಾಯಿತು ಎನ್ನುವಲ್ಲಿ ಜಗಳ ಎನ್‌ಸ್ಯೂ ಆಗುತ್ತದೆ. ಮನುಷ್ಯ ಮನುಷ್ಯನನ್ನು ಎನ್‌ಸ್ಯೂ ಮಾಡುವುದಿಲ್ಲ. ಇಷ್ಟೇ.

8. ಫೈಲಿನ ಹಿಂದೆ ಹೋಗುವಾಗ ‘ಅಪ್’ ಮರೆಯಬೇಡಿ

ಕಚೇರಿಗೆ ಪತ್ರ ಬರೆಸುವಾಗ ಹೆಚ್ಚು ಹೊತ್ತು ಹಿಡಿಯುವುದು ಇದೇ. ಅರ್ಜಿ ಕೊಟ್ಟು ತಿಂಗಳಾಯಿತು, ವಿಚಾರಿಸಬೇಕು. ಹುಡುಗರು ‘ಐ ಆಮ್ ಫಾಲೋಯಿಂಗ್ ಮೈ ಅಪ್ಲಿಕೇಶನ್’ ಎಂದು ಬರೆಯುತ್ತಾರೆ. ಓದಿದವರಿಗೆ ಅರ್ಜಿ ಮುಂದೆ ನಡೆದಿದೆ, ಇವನು ಹಿಂದೆ ನಡೆದಿದ್ದಾನೆ ಎಂಬ ಚಿತ್ರ ಬರುತ್ತದೆ. ಒಮ್ಮೊಮ್ಮೆ ಅದೂ ಸುಳ್ಳಲ್ಲ ಬಿಡಿ! ಬೇಕಾದದ್ದು ‘ಫಾಲೋಯಿಂಗ್ ಅಪ್ ಆನ್’. ‘ಚೇಸಿಂಗ್’ ಎಂದರೂ ಅರ್ಥವಾಗುತ್ತದೆ, ಆದರೆ ಅದು ಸಹೋದ್ಯೋಗಿಗಳ ನಡುವಿನ ಮಾತು. ಮೇಲಧಿಕಾರಿಗೆ ಬರೆದರೆ ಉರಿ ಹತ್ತೀತು. ಎರಡು ಮೂರು ಸಲ ಬರೆದರೂ ಉತ್ತರ ಬಾರದೆ ಮೇಲಿನ ಕಚೇರಿಗೆ ಹೋಗುವುದಾದರೆ ‘ಪರ್ಸ್ಯೂ ದ ಮ್ಯಾಟರ್’ ಎಂದು ಬರೆಯಲು ಹೇಳುತ್ತೇನೆ. ಅದರಲ್ಲಿ ಸಿಟ್ಟು ಕಾಣುವುದಿಲ್ಲ, ಬಿಡುವವನಲ್ಲ ಎಂಬುದು ಮಾತ್ರ ತಿಳಿಯುತ್ತದೆ. ಪತ್ರದ ಕೆಳಗೆ ಮೊದಲ ಅರ್ಜಿಯ ತಾರೀಖು, ಸ್ವೀಕೃತಿ ನಂಬರು ತಪ್ಪದೆ ಹಾಕಿಸುತ್ತೇನೆ.