ಇಳಿದ ಮೇಲೆ ಯಾವ ಸಾಲಿನಲ್ಲಿ ನಿಲ್ಲಬೇಕು?

ಪ್ರಶ್ನೆ: ನಾನು, ನಮ್ಮ ಮನೆಯವರು ಮುಂದಿನ ತಿಂಗಳು ಪುಣೆಯಿಂದ ಬ್ಯಾಂಕಾಕಿಗೆ ಹೊರಟಿದ್ದೇವೆ. ವಿದೇಶ ಪ್ರಯಾಣ ಇದೇ ಮೊದಲು. ಟೂರಿನವರು ಜೊತೆಗಿಲ್ಲ, ಟಿಕೆಟು, ಹೋಟೆಲು ಎಲ್ಲ ಮಗಳೇ ಬುಕ್ ಮಾಡಿದ್ದಾಳೆ. ಲೋಹಗಾಂವ್ ವಿಮಾನ ನಿಲ್ದಾಣದವರೆಗೆ ಅವಳು ಬರುತ್ತಾಳೆ. ಬ್ಯಾಂಕಾಕಿನಲ್ಲಿ ಇಳಿದ ಮೇಲೆ ಎಲ್ಲಿಗೆ ಹೋಗಬೇಕು, ಏನೇನು ಕೇಳುತ್ತಾರೆ?
– ಓದುಗರೊಬ್ಬರು, ಕೊಥ್ರೂಡ್, ಪುಣೆ

ದೇಶದೊಳಗೆ ಓಡಾಡುವಾಗ ವಿಮಾನ ಇಳಿದು ನೇರವಾಗಿ ಲಗೇಜಿನ ಬೆಲ್ಟಿನ ಕಡೆ ನಡೆದುಬಿಡುತ್ತೇವೆ. ಹೊರದೇಶದಲ್ಲಿ ಅದಕ್ಕೆ ಮೊದಲು ಇಮಿಗ್ರೇಶನ್ ಇರುತ್ತದೆ. ಅಲ್ಲಿ ಪಾಸ್‌ಪೋರ್ಟ್ ನೋಡಿ ಒಳಗೆ ಬಿಟ್ಟ ಮೇಲೆ ಲಗೇಜು, ಆಮೇಲೆ ಕಸ್ಟಮ್ಸ್, ಕೊನೆಗೆ ಹೊರಬಾಗಿಲು. ಪುಣೆಯವರು ಹೆಚ್ಚಾಗಿ ಹೋಗುವ ದುಬೈ, ಸಿಂಗಪುರದಲ್ಲೂ ಇದೇ ಕ್ರಮ. ವಿಮಾನದಿಂದ ಹೊರಬಂದಾಗ 'ಅರೈವಲ್' ಮತ್ತು 'ಇಮಿಗ್ರೇಶನ್' ಎಂಬ ಫಲಕಗಳನ್ನೇ ಹಿಡಿದು ನಡೆಯಿರಿ. 'ಟ್ರಾನ್ಸ್‌ಫರ್' ಎಂಬುದು ಬೇರೆ ವಿಮಾನ ಹಿಡಿಯುವವರ ದಾರಿ.

ಒಂದು ಕೆಲಸವನ್ನು ಮಾತ್ರ ಪುಣೆಯಲ್ಲೇ ಮುಗಿಸಬೇಕು. 2025ರ ಮೇ 1ರಿಂದ ಥಾಯ್ಲೆಂಡಿಗೆ ಬರುವ ವಿದೇಶಿಯರೆಲ್ಲ ಡಿಜಿಟಲ್ ಅರೈವಲ್ ಕಾರ್ಡ್ ತುಂಬಬೇಕು. ತಲುಪುವ ದಿನಕ್ಕೆ ಮೂರು ದಿನ ಮೊದಲಿನಿಂದ ತುಂಬಬಹುದು, ಇದಕ್ಕೆ ಶುಲ್ಕವಿಲ್ಲ. ಹಣ ಕೇಳುವ ತಾಣ ಕಂಡರೆ ಅದು ಸರ್ಕಾರದ್ದಲ್ಲ ಎಂದು ತಿಳಿದು ಮಗಳಿಗೆ ಹೇಳಿ ಮುಚ್ಚಿಸಿ. ಸಿಂಗಪುರಕ್ಕೂ ಇಂಥದೇ ಕಾರ್ಡ್ ಇದೆ, ಆದರೆ ಅಲ್ಲಿಗೆ ನಮಗೆ ವೀಸಾ ಬೇರೆ ಬೇಕು. ಭಾರತೀಯ ಪ್ರವಾಸಿಗಳಿಗೆ ಥಾಯ್ಲೆಂಡ್ 2023ರ ನವೆಂಬರಿನಲ್ಲಿ 30 ದಿನ, 2024ರ ಜುಲೈಯಲ್ಲಿ 60 ದಿನ ವೀಸಾ ವಿನಾಯಿತಿ ಕೊಟ್ಟಿತು. ಈ ನಿಯಮ ಬದಲಾಗುತ್ತಲೇ ಇರುವುದರಿಂದ ಹೊರಡುವ ವಾರ ಥಾಯ್ ರಾಯಭಾರ ಕಚೇರಿಯ ಪ್ರಕಟಣೆಯನ್ನು ಮತ್ತೊಮ್ಮೆ ನೋಡಿಸಿ.

ಈಗ ಇಮಿಗ್ರೇಶನ್ ಸಾಲಿಗೆ ಬರೋಣ. 'ಫಾರಿನ್ ಪಾಸ್‌ಪೋರ್ಟ್' ಎಂದು ಬರೆದ ಕಡೆ ನಿಲ್ಲಿ. ಲೋಹಗಾಂವ್ ವಾಯುಪಡೆಯ ನೆಲೆಯಾದ್ದರಿಂದ ಅಲ್ಲಿ ಫೋಟೋ ತೆಗೆಯಬೇಡಿ ಎಂದು ವಿಮಾನದಲ್ಲಿ ಹೇಳುವುದನ್ನು ಕೇಳಿರುತ್ತೀರಿ. ಇಮಿಗ್ರೇಶನ್ ಹಾಲಿನಲ್ಲೂ ಮೊಬೈಲ್ ಎತ್ತಿ ಫೋಟೋ, ವಿಡಿಯೋ ತೆಗೆಯಬೇಡಿ. ಕೌಂಟರಿನವರು ಸನ್ನೆ ಮಾಡಿದ ಮೇಲೆ ಹಳದಿ ಗೆರೆ ದಾಟಿ. ಮುಖದ ಫೋಟೋ, ಬೆರಳಚ್ಚು ತೆಗೆಯುತ್ತಾರೆ.

ಆ ಅಧಿಕಾರಿಗೆ ಬೇಕಾದ್ದು ಮೂರೇ ವಿಷಯ: ನೀವು ಯಾರು, ಯಾಕೆ ಬಂದಿರಿ, ಯಾವಾಗ ಹಿಂದಿರುಗುತ್ತೀರಿ. ಬಹಳ ಸಲ ಒಂದು ಪ್ರಶ್ನೆಯನ್ನೂ ಕೇಳದೆ ಬಿಡುತ್ತಾರೆ. ಕೇಳಿದರೆ ಟೂರಿಸ್ಟ್, ಇಷ್ಟು ದಿನ, ಇಂಥ ಹೋಟೆಲ್ ಎಂದಷ್ಟೇ ಹೇಳಿ. ಇಂಗ್ಲಿಷ್ ತೊದಲಿದರೆ ಏನೂ ಆಗುವುದಿಲ್ಲ. ನಿಮ್ಮ ಬಾಯಿ ಒಂದು ಹೇಳಿ ಕಾರ್ಡ್ ಇನ್ನೊಂದು ಹೇಳಿದರೆ ಮಾತ್ರ ತೊಡಕು. ಹಾಗಾಗಿ ಮಗಳು ತುಂಬಿದ್ದನ್ನು ನೀವಿಬ್ಬರೂ ಓದಿಕೊಳ್ಳಿ. ಯಾವ ಹೋಟೆಲು, ಎಷ್ಟು ರಾತ್ರಿ ಎಂಬುದು ಇಬ್ಬರಿಗೂ ಗೊತ್ತಿರಲಿ, ಏಕೆಂದರೆ ಬೇರೆ ಬೇರೆ ಕೌಂಟರಿಗೆ ಕಳಿಸಬಹುದು. ವಾಪಸು ಟಿಕೆಟು, ಹೋಟೆಲ್ ಬುಕಿಂಗ್, ಕಾರ್ಡ್ ಇವುಗಳ ಪ್ರಿಂಟು ತಲಾ ಒಂದೊಂದು ಕೈಚೀಲದಲ್ಲಿರಲಿ. ಮೊಬೈಲ್ ಚಾರ್ಜು ಸರಿಯಾಗಿ ಆ ಹೊತ್ತಿಗೇ ಮುಗಿದುಹೋಗಬಹುದು. ಪಕ್ಕದ ಕೋಣೆಗೆ ಕರೆದರೆ ಗಾಬರಿಯಾಗಬೇಡಿ, ಅವಮಾನವೆಂದೂ ಭಾವಿಸಬೇಡಿ. ಕಾಗದ ತಾಳೆ ನೋಡುವುದು ಅವರ ಕೆಲಸ.

ನಮ್ಮ ಕನ್ನಡದವರಿಗೆ ಹೆಸರಿನದೊಂದು ಪೇಚಿದೆ. ಇನಿಷಿಯಲ್ ಇಟ್ಟುಕೊಂಡವರ ಪಾಸ್‌ಪೋರ್ಟಿನಲ್ಲಿ ಎಷ್ಟೋ ಸಲ ಸರ್‌ನೇಮ್ ಜಾಗ ಖಾಲಿ ಇರುತ್ತದೆ. ಟಿಕೆಟ್ಟಿನಲ್ಲೂ ಕಾರ್ಡಿನಲ್ಲೂ ಹೆಸರು ಪಾಸ್‌ಪೋರ್ಟಿನಂತೆಯೇ ಇದೆಯೇ ಎಂದು ಅಕ್ಷರ ಅಕ್ಷರ ಹೋಲಿಸಿ ನೋಡಿ. ಮುಂದೆ ದುಬೈಗೆ ಹೋಗುವ ಯೋಚನೆ ಇದ್ದರೆ ಇದು ಇನ್ನೂ ಮುಖ್ಯ. ಒಂದೇ ಹೆಸರಿನ ಪಾಸ್‌ಪೋರ್ಟ್ ಹಿಡಿದು ಬರುವ ಪ್ರವಾಸಿಗಳಿಗೆ ಪ್ರವೇಶವಿಲ್ಲ ಎಂದು ಯುಎಇ 2022ರ ನವೆಂಬರಿನಲ್ಲಿ ನಿಯಮ ಮಾಡಿತು. ಪಾಸ್‌ಪೋರ್ಟಿನ ಇನ್ನೊಂದು ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಆದೀತು ಎಂದು ಆಮೇಲೆ ಸಡಿಲಿಸಿತು.

ಮೊಹರು ಒತ್ತಿಕೊಟ್ಟ ಮೇಲೆ ಅಲ್ಲೇ ತಾರೀಕು ನೋಡಿಕೊಳ್ಳಿ. ಯಾವ ದಿನದವರೆಗೆ ಇರಬಹುದೆಂದು ಹೇಳುವುದು ಅದೇ.

ಲಗೇಜು ಬಂದ ಮೇಲೆ ಟ್ಯಾಗ್ ನಂಬರು ತಾಳೆ ನೋಡಿ ಎತ್ತಿಕೊಳ್ಳಿ. ಕಸ್ಟಮ್ಸ್‌ನಲ್ಲಿ ಹಸಿರು, ಕೆಂಪು ಎಂದು ಎರಡು ದಾರಿ. ಘೋಷಿಸುವಂಥದ್ದು ಏನೂ ಇಲ್ಲದವರು ಹಸಿರಿನಲ್ಲಿ ಹೋಗುತ್ತಾರೆ, ಸಂಶಯವಿದ್ದರೆ ಕೆಂಪಿಗೆ ಹೋಗಿ ಕೇಳುವುದೇ ಕ್ಷೇಮ. ಚೀಲ ತುಂಬುವಾಗ ನಿಮ್ಮ ಮನೆಯವರಿಗೆ ಒಂದು ಮಾತು ಹೇಳಿ. ಪಾಯಸಕ್ಕೆ ಹಾಕುವ ನಮ್ಮ ಗಸಗಸೆಯನ್ನು ದುಬೈಯಲ್ಲೂ ಸಿಂಗಪುರದಲ್ಲೂ ಮಾದಕ ವಸ್ತುಗಳ ಜೊತೆಗೇ ಸೇರಿಸಿ ನಿಷೇಧಿಸಿದ್ದಾರೆ. ಮಸಾಲೆ ಡಬ್ಬಿಯ ತಳದಲ್ಲಿ ಉಳಿದ ಒಂದು ಚಮಚವೂ ಬೇಡ. ಥಾಯ್ಲೆಂಡಿಗೆ ಇ–ಸಿಗರೇಟು ಒಯ್ಯುವಂತಿಲ್ಲ. ಬಿಪಿ, ಶುಗರ್ ಮಾತ್ರೆಗಳನ್ನು ದಿನಕ್ಕಿಷ್ಟೆಂದು ಬಿಡಿಸಿಟ್ಟ ಡಬ್ಬಿಯಲ್ಲಿ ಒಯ್ಯದೆ ಸ್ಟ್ರಿಪ್ಪಿನಲ್ಲೇ, ವೈದ್ಯರ ಚೀಟಿಯ ಜೊತೆ ಕೈಚೀಲದಲ್ಲಿಡಿ. ಎಲ್ಲಕ್ಕಿಂತ ಮುಖ್ಯವಾಗಿ, ಎಷ್ಟೇ ಪರಿಚಯದವರು ಕೊಟ್ಟರೂ ಬೇರೆಯವರ ಪೊಟ್ಟಣ ಒಯ್ಯಬೇಡಿ. ಚೀಲ ಯಾರ ಕೈಯಲ್ಲಿದೆಯೋ ಒಳಗಿನದಕ್ಕೆ ಅವರೇ ಹೊಣೆ. ಸಿಂಗಪುರದಂಥ ದೇಶದಲ್ಲಿ ಮಾದಕ ವಸ್ತು ಸಾಗಿಸಿದರೆ ಮರಣದಂಡನೆಯವರೆಗೂ ಹೋಗುತ್ತದೆ.

ಹೊರಬಂದ ಮೇಲೆ ಕೆಲಸ ಸುಲಭ. ಗಡಿಯಾರ ಒಂದೂವರೆ ಗಂಟೆ ಮುಂದಿಡಿ. ಬ್ಯಾಂಕಿನ ಓಟಿಪಿ ಬರುವ ಸಿಮ್‌ಗೆ ಹೊರಡುವ ಮೊದಲೇ ರೋಮಿಂಗ್ ಹಾಕಿಸಿ. ಏರ್‌ಪೋರ್ಟಿನಲ್ಲಿ ಟ್ಯಾಕ್ಸಿಗೆ ಸಾಕಾಗುವಷ್ಟು ಥಾಯ್ ಹಣ (ಬಾತ್) ಮಾತ್ರ ಬದಲಿಸಿಕೊಳ್ಳಿ. ಬ್ಯಾಂಕಾಕಿನ ಸುವರ್ಣಭೂಮಿ ನಿಲ್ದಾಣದ ಸಮುದ್ರಮಥನದ ಶಿಲ್ಪವನ್ನು ಬಂದ ದಿನ ಹುಡುಕಬೇಡಿ. ಅದು ನಿರ್ಗಮನದ ಕಡೆ ಇದೆ, ವಾಪಸು ಹೊರಟಾಗ ಕಾಣುತ್ತದೆ. ಟ್ಯಾಕ್ಸಿ ಬೇಕಾದರೆ ಬಾಗಿಲಲ್ಲಿ ಬಂದು ಕರೆಯುವವರ ಹಿಂದೆ ಹೋಗದೆ ಕೆಳಮಹಡಿಯ ಯಂತ್ರದಿಂದ ಚೀಟಿ ತೆಗೆದು, ಅದರಲ್ಲಿರುವ ನಂಬರಿನ ಕಡೆ ಹೋಗಿ. ಮೀಟರಿನ ಮೇಲೆ ಏರ್‌ಪೋರ್ಟಿನದೊಂದು ಶುಲ್ಕ ಸೇರುತ್ತದೆ, ಅದು ಮೋಸವಲ್ಲ. ಹೋಟೆಲಿನ ವಿಳಾಸ, ಫೋನ್ ನಂಬರನ್ನು ಥಾಯ್ ಲಿಪಿಯಲ್ಲೇ ಪ್ರಿಂಟು ಮಾಡಿಕೊಡಲು ಮಗಳಿಗೆ ಹೇಳಿ. ಇಂಗ್ಲಿಷ್ ಓದಲು ಬಾರದ ಚಾಲಕ ಸಿಕ್ಕರೂ ಆ ಕಾಗದ ತೋರಿಸಿದರೆ ಸಾಕು.