ಕರೆಗೆ ದಾರಿ ತೋರಿಸಿದರೆ ಪೇಟೆಂಟ್ ಸಿಗುತ್ತಾ?

ಚಳ್ಳಕೆರೆಯಿಂದ (08195) ಮೊಳಕಾಲ್ಮೂರಿಗೆ (08198) ಒಂದು ಕರೆ ಹೋಗಬೇಕು ಅಂದುಕೊಳ್ಳೋಣ. ನೇರ ಲೈನುಗಳೆಲ್ಲ ತುಂಬಿವೆ. ಎಕ್ಸ್‌ಚೇಂಜು ಕರೆಯನ್ನು ಚಿತ್ರದುರ್ಗದ ಮೇಲೆ ಕಳಿಸುತ್ತದೆ. ಈ ಉಪಾಯಕ್ಕೆ ನಾವು ಪೇಟೆಂಟ್ ಕೇಳಿದರೆ ಪರೀಕ್ಷಕರು ಏನು ನೋಡ್ತಾರೆ?

ಮೊದಲ ಪ್ರಶ್ನೆ: ಇದು ಹೊಸದಾ? ಅಲ್ಲ, ಬದಲಿ ದಾರಿ ಹಿಡಿಸೋದು ಹಳೇ ತಂತ್ರ. ಅರ್ಜಿ ಅಲ್ಲೇ ಬಿತ್ತು.

ಸರಿ, ಯಾವ ದಾರಿ ಯಾವಾಗ ತುಂಬುತ್ತೆ ಅಂತ ಮೊದಲೇ ಲೆಕ್ಕ ಹಾಕುವ ಹೊಸ ಸೂತ್ರ ಬರೆದೆವು ಅನ್ನಿ. ಆಗ ಎರಡನೇ ಪ್ರಶ್ನೆ: ಈ ವಿಷಯ ಬಲ್ಲವರಿಗೆ ಇದು ತಾನಾಗಿಯೇ ಹೊಳೆಯುತ್ತಿತ್ತಾ? ಅದನ್ನು ದಾಟಿದರೂ ಇನ್ನೊಂದು ತಡೆ ಇದೆ. 1970ರ ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಕೆ) ಪ್ರಕಾರ ಬರೀ ಅಲ್ಗಾರಿದಮ್ ಆವಿಷ್ಕಾರವಲ್ಲ. ಸೂತ್ರದಿಂದ ಎಕ್ಸ್‌ಚೇಂಜಿನ ಕೆಲಸವೇ ಸುಧಾರಿಸಿತು ಎಂದು ನಾವು ತೋರಿಸಬೇಕು.

ಬೆಲ್ ಲ್ಯಾಬ್ಸ್‌ನ ಎರ್ನಾ ಹೂವರ್ ಅವರ ವ್ಯವಸ್ಥೆ ಇದಕ್ಕೆ ಒಳ್ಳೆಯ ಮಾದರಿ. ಬರುವ ಕರೆಗಳ ಒತ್ತಡ ನೋಡಿ, ಯಾವ ಕೆಲಸ ಮೊದಲು ಎಂದು ಕಂಪ್ಯೂಟರೇ ನಿರ್ಧರಿಸುತ್ತಿತ್ತು, ಎಕ್ಸ್‌ಚೇಂಜು ಕುಸಿಯುತ್ತಿರಲಿಲ್ಲ. 1971ರಲ್ಲಿ ಅದಕ್ಕೆ ಅಮೆರಿಕದ ಪೇಟೆಂಟ್ ಸಿಕ್ಕಿತು.

ಪ್ರಾಜೆಕ್ಟ್ ಮಾಡುವವರು ಒಂದು ಮಾತು ನೆನಪಿಡಿ: ಅರ್ಜಿಗೆ ಮುಂಚೆ ವರದಿಯನ್ನು ಆನ್‌ಲೈನಿಗೆ ಹಾಕಿದರೆ, ನಮ್ಮ ವರದಿಯೇ ನಮ್ಮ ಹೊಸತನಕ್ಕೆ ಅಡ್ಡ ಬರುತ್ತೆ. ಮೊದಲು ತಾತ್ಕಾಲಿಕ ಅರ್ಜಿ ಹಾಕೋಣ. ಪೂರ್ಣ ವಿವರಣೆ ಸಲ್ಲಿಸಲು 12 ತಿಂಗಳು ಸಮಯ ಇರುತ್ತೆ.